ಸ್ಕ್ರೀನ್ ರೀಡರ್ ಜೊತೆ ಆಫೀಸ್ ತಂತ್ರಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಡ್, ಎಕ್ಸೆಲ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಇವನ್ನೆಲ್ಲ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು ಬಳಸುವವರಿಗೆ, ಅವರ ಕಂಪ್ಯೂಟರ್ ನೋಡಿಕೊಳ್ಳುವವರಿಗೆ, ಅವರಿಗೆ ಕಡತ ಕಳಿಸುವವರಿಗೆ ಈ ಪುಟ. ಎನ್‌ವಿಡಿಎ ವಿಂಡೋಸ್‌ನ ಒಂದು ಸ್ಕ್ರೀನ್ ರೀಡರ್; ಅದರ ಹೆಸರನ್ನು ಕೀಯಾಗಿ ಬರೆದ ಕಡೆ ಇನ್ಸರ್ಟ್ ಎಂದು ಓದಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡಿದ್ದರೆ ಕ್ಯಾಪ್ಸ್ ಲಾಕ್ ಕೂಡ ಅದೇ ಕೆಲಸ ಮಾಡುತ್ತದೆ. ವಿಒ ಎಂದರೆ ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಆಪ್ಷನ್ ಎರಡನ್ನೂ ಒಟ್ಟಿಗೆ ಒತ್ತುವುದು. ಮೆನು ಹೆಸರುಗಳು, ಆಲ್ಟ್ ನಂತರದ ಅಕ್ಷರಗಳು ಎಲ್ಲವೂ ಇಂಗ್ಲಿಷ್ ಆವೃತ್ತಿಯವು.

ಒಂದೇ ಕಡತ ವಿಂಡೋಸ್‌ನಲ್ಲಿ ಚೆನ್ನಾಗಿ ಓದುತ್ತದೆ, ಲಿನಕ್ಸ್‌ನಲ್ಲೋ ಮ್ಯಾಕ್‌ನಲ್ಲೋ ತೆರೆದರೆ ಅರ್ಧಂಬರ್ಧ ಓದುತ್ತದೆ. ಯಾಕೆ ಹೀಗೆ?

ಸ್ಕ್ರೀನ್ ರೀಡರ್ ಪರದೆಯ ಮೇಲಿನ ಚಿತ್ರವನ್ನು ನೋಡಿ ಓದುವುದಿಲ್ಲ. ಇಲ್ಲಿ ಒಂದು ಬಟನ್ ಇದೆ, ಅದರ ಹೆಸರು ಸೇವ್, ಅದು ಈಗ ಒತ್ತಲು ಸಿಗುತ್ತದೆ ಎಂದು ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂಗೆ ಹೇಳಬೇಕು. ಅದನ್ನು ರೀಡರ್ ಕೇಳಿಸಿಕೊಂಡು ನಿಮಗೆ ಹೇಳುತ್ತದೆ. ಈ ಮಾತುಕತೆಗೆ ಒಂದೊಂದು ಸಿಸ್ಟಂನಲ್ಲಿ ಒಂದೊಂದು ವ್ಯವಸ್ಥೆ. ವಿಂಡೋಸ್‌ನಲ್ಲಿ 1997ರಿಂದ ಎಂಎಸ್‌ಎಎ ಇದೆ. ಆಮೇಲೆ ಐಆಕ್ಸೆಸಿಬಲ್2 ಮತ್ತು ಯುಐ ಆಟೊಮೇಷನ್ ಬಂದವು. ಲಿನಕ್ಸ್‌ನಲ್ಲಿ ಇರುವುದು ಎಟಿ-ಎಸ್‌ಪಿಐ. ಮ್ಯಾಕ್‌ಗೆ ಆಪಲ್‌ನದೇ ವ್ಯವಸ್ಥೆ. ಮೂರು ಕಡೆ ಓಡುವ ತಂತ್ರಾಂಶವಾದರೆ ಮೂರಕ್ಕೂ ಬೇರೆ ಬೇರೆಯಾಗಿ ಮಾಹಿತಿ ಕೊಡಬೇಕು. ಒಂದು ಕಡೆ ತುಂಬ ಚೆನ್ನಾಗಿ ಕೊಟ್ಟು ಇನ್ನೊಂದು ಕಡೆ ಅರ್ಧಕ್ಕೇ ಬಿಟ್ಟಿರುವುದು ಸಾಮಾನ್ಯ.

ವಿಂಡೋಸ್‌ನ ವರ್ಡ್ ಮತ್ತು ಎಕ್ಸೆಲ್‌ಗೆ ಇನ್ನೊಂದು ಅನುಕೂಲವಿದೆ. ಅವುಗಳ ಆಬ್ಜೆಕ್ಟ್ ಮಾಡೆಲ್ (ಕಡತದ ಒಳರಚನೆಯನ್ನು ಬೇರೆ ತಂತ್ರಾಂಶಗಳಿಗೆ ತೆರೆದಿಡುವ ವ್ಯವಸ್ಥೆ) ಒಳಗೆ ರೀಡರ್ ನೇರವಾಗಿ ಹೊಕ್ಕು, ಇದು ಎಷ್ಟನೇ ಪುಟ, ಯಾವ ಶೈಲಿ, ಈ ಸೆಲ್‌ನಲ್ಲಿ ಸೂತ್ರ ಇದೆಯೇ ಎಂದು ಕೇಳಬಲ್ಲದು. ವಿಂಡೋಸ್‌ನ ರೀಡರ್‌ಗಳಾದ ಜಾಸ್ ಮತ್ತು ಎನ್‌ವಿಡಿಎ ಬಹುಕಾಲ ಈ ದಾರಿಯನ್ನೇ ನೆಚ್ಚಿಕೊಂಡಿದ್ದವು. ಮ್ಯಾಕ್‌ನ ರೀಡರ್ ವಾಯ್ಸ್‌ಓವರ್‌ಗೆ ಈ ದಾರಿ ಇಲ್ಲ.

ಆದ್ದರಿಂದ "ಲಿಬ್ರೆಆಫೀಸ್ ಓದುತ್ತದೆಯೇ" ಎಂದಷ್ಟೇ ಕೇಳಿದರೆ ಉತ್ತರ ಸಿಗದು. ಯಾವ ಸಿಸ್ಟಂನಲ್ಲಿ, ಯಾವ ರೀಡರ್ ಜೊತೆ ಎಂದು ಸೇರಿಸಿ ಕೇಳಬೇಕು. ಏನಾದರೂ ಮೌನವಾದಾಗಲೂ ಅಷ್ಟೇ: ತಂತ್ರಾಂಶ ಹೇಳಲಿಲ್ಲವೋ, ಸಿಸ್ಟಂ ತಲುಪಿಸಲಿಲ್ಲವೋ, ರೀಡರ್ ಕೇಳಿಸಿಕೊಂಡೂ ಸುಮ್ಮನಿತ್ತೋ ಎಂದು ಮೊದಲು ಬೇರ್ಪಡಿಸಿ. ಕೆಳಗಿನ ಹೆಚ್ಚಿನ ಉತ್ತರಗಳು ಈ ಮೂರರಲ್ಲಿ ಒಂದನ್ನು ಸರಿಪಡಿಸುವ ಬಗ್ಗೆಯೇ ಇವೆ.

ಹಾಗಾದರೆ ಯಾವ ಜೋಡಿ ಹಿಡಿಯಬೇಕು?

ದಿನವಿಡೀ ಕಡತಗಳ ಮೇಲೆ ಕೆಲಸ ಮಾಡುವವರಾದರೆ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಆಫೀಸ್, ಜೊತೆಗೆ ಎನ್‌ವಿಡಿಎ ಅಥವಾ ಜಾಸ್. ಇವತ್ತಿಗೂ ಇದಕ್ಕಿಂತ ಆಳವಾದ ಜೋಡಿ ಬೇರೆ ಇಲ್ಲ. 2006ರಲ್ಲಿ ಶುರುವಾದ ಎನ್‌ವಿಡಿಎ ಉಚಿತ, ಅದರ ಸೋರ್ಸ್ ಕೋಡ್ ಕೂಡ ಮುಕ್ತ. ಜಾಸ್‌ಗೆ ಲೈಸೆನ್ಸ್ ಬೇಕು. ಇಲ್ಲದಿದ್ದರೆ 40 ನಿಮಿಷ ಓಡುತ್ತದೆ, ಆಮೇಲೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು. ವಿಂಡೋಸ್‌ನಲ್ಲೇ ಇರುವ ನರೇಟರ್ ಕಂಟ್ರೋಲ್+ವಿಂಡೋಸ್+ಎಂಟರ್ ಒತ್ತಿದರೆ ಏಳುತ್ತದೆ. ಪತ್ರ ಓದಿ ಉತ್ತರ ಬರೆಯಲು ಅದು ಸಾಕು. ದೊಡ್ಡ ಎಕ್ಸೆಲ್ ಹಾಳೆಯ ಕೆಲಸಕ್ಕೆ ಸಾಲದು.

ಲಿನಕ್ಸ್‌ನಲ್ಲಿ ಲಿಬ್ರೆಆಫೀಸ್ ಮತ್ತು ಓರ್ಕಾ ಎಂಬ ರೀಡರ್, ಗ್ನೋಮ್ ಡೆಸ್ಕ್‌ಟಾಪ್ ಮೇಲೆ. ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಜೊತೆ ಪೇಜಸ್ ಅಥವಾ ಮೈಕ್ರೋಸಾಫ್ಟ್ ವರ್ಡ್. ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಹಾಕಿಕೊಂಡು ಲಿಬ್ರೆಆಫೀಸ್‌ನಲ್ಲೇ ಭಾರಿ ಕೆಲಸ ಮಾಡುತ್ತೇನೆ ಎಂದು ಹೊರಡಬೇಡಿ. ಅದು ತೆರೆಯುತ್ತದೆ, ಒಂದಿಷ್ಟು ಓದುತ್ತದೆ, ಆದರೆ ದಿನದ ಕೆಲಸಕ್ಕೆ ನೆಚ್ಚಿಕೊಳ್ಳುವ ಮಟ್ಟಕ್ಕಿಲ್ಲ.

ರಿಬ್ಬನ್‌ನಲ್ಲಿ (ಆಫೀಸ್‌ನ ಮೇಲ್ಭಾಗದ ಆಜ್ಞೆಗಳ ಪಟ್ಟಿಯಲ್ಲಿ) ಟ್ಯಾಬ್ ಒತ್ತುತ್ತಾ ಹೋದರೆ ಬೇಕಾದದ್ದು ಸಿಗುವುದೇ ಇಲ್ಲ. ಬೇರೆ ದಾರಿ ಇದೆಯೇ?

ಟ್ಯಾಬ್ ಒತ್ತುತ್ತಾ ಹುಡುಕುವುದನ್ನು ಬಿಟ್ಟುಬಿಡಿ. ಮೂರು ದಾರಿಗಳಿವೆ.

ಆಲ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರಗಳನ್ನು ಒಂದಾದ ಮೇಲೊಂದು ಒತ್ತುವುದು ಮೊದಲನೆಯದು. ಎಚ್ ಹೋಮ್‌ಗೆ, ಎನ್ ಇನ್ಸರ್ಟ್‌ಗೆ, ಆರ್ ರಿವ್ಯೂಗೆ, ಡಬ್ಲ್ಯೂ ವ್ಯೂಗೆ. ಪದೇ ಪದೇ ಬೇಕಾದ ನಾಲ್ಕೈದು ಸರಣಿಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ರಿಬ್ಬನ್ ಒಳಗಿದ್ದಾಗ ಕಂಟ್ರೋಲ್+ಬಲ ಬಾಣ ಒತ್ತಿದರೆ ಒಂದು ಗುಂಪಿನಿಂದ ಮುಂದಿನ ಗುಂಪಿಗೆ ಜಿಗಿಯುತ್ತದೆ.

ಎರಡನೆಯದು ಆಲ್ಟ್+ಕ್ಯೂ. ಹುಡುಕುವ ಪೆಟ್ಟಿಗೆ ತೆರೆಯುತ್ತದೆ; ಆಜ್ಞೆಯ ಹೆಸರು ಟೈಪ್ ಮಾಡಿ ಕೆಳಬಾಣ ಒತ್ತಿ. ಆಜ್ಞೆ ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ, ಹೆಸರು ಗೊತ್ತಿದ್ದರೆ ಸಾಕು.

ಮೂರನೆಯದನ್ನು ಯಾಕೋ ಬಹಳ ಜನ ಬಳಸುವುದಿಲ್ಲ. ಬೇಕಾದ ಆಜ್ಞೆಯ ಮೇಲೆ ನಿಂತು ಶಿಫ್ಟ್+ಎಫ್10 ಒತ್ತಿ, ಅದನ್ನು ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ಗೆ ಸೇರಿಸಿ. ಅಲ್ಲಿಂದ ಮುಂದೆ ಆಲ್ಟ್ ಒತ್ತಿ 1, ಆಲ್ಟ್ ಒತ್ತಿ 2 ಹೀಗೆ ಒಂದೇ ಅಂಕಿಯಲ್ಲಿ ಅದು ಸಿಗುತ್ತದೆ.

ರಿಬ್ಬನ್, ಪಠ್ಯ, ಕೆಳಗಿನ ಸ್ಟೇಟಸ್ ಬಾರ್, ಪಕ್ಕದ ಪೇನ್ ಇವುಗಳ ನಡುವೆ ಓಡಾಡಲು ಎಫ್6. ಬ್ರೌಸರ್‌ನಲ್ಲಿ ತೆರೆದ ವರ್ಡ್ ಆದರೆ ಕಂಟ್ರೋಲ್+ಎಫ್6, ಯಾಕೆಂದರೆ ಬರೀ ಎಫ್6 ಬ್ರೌಸರ್ ಪಾಲಾಗುತ್ತದೆ. ಮ್ಯಾಕ್‌ನಲ್ಲಿ ರಿಬ್ಬನ್ ಗೊಡವೆಗೇ ಹೋಗದೆ ವಿಒ+ಎಂ ಒತ್ತಿ ಮೇಲಿನ ಮೆನು ಬಾರ್ ಬಳಸುವುದು ವೇಗ.

ಲಿಬ್ರೆಆಫೀಸ್‌ನಲ್ಲಿ ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ಗೆ ಹೋಗಿ 'ಸ್ಟ್ಯಾಂಡರ್ಡ್ ಟೂಲ್‌ಬಾರ್' ಆರಿಸಿಕೊಳ್ಳಿ. ಟ್ಯಾಬ್‌ಗಳ ರೂಪಕ್ಕಿಂತ ಹಳೆಯ ಮೆನುಗಳೇ ರೀಡರ್ ಬಳಸುವವರಿಗೆ ಹಿತ.

ವರ್ಡ್‌ನಲ್ಲಿ 80 ಪುಟದ ವರದಿ ಇದೆ. ಸಾಲು ಸಾಲಾಗಿ ಕೆಳಗೆ ಇಳಿಯದೆ ತಲೆಬರಹದಿಂದ ತಲೆಬರಹಕ್ಕೆ ಹೋಗುವುದು ಹೇಗೆ?

ಎನ್‌ವಿಡಿಎಯಲ್ಲಿ ಎನ್‌ವಿಡಿಎ+ಸ್ಪೇಸ್ ಒತ್ತಿ ಬ್ರೌಸ್ ಮೋಡ್‌ಗೆ ಬನ್ನಿ. ಈಗ ಎಚ್ ಒತ್ತಿದರೆ ಮುಂದಿನ ಹೆಡಿಂಗ್, ಶಿಫ್ಟ್+ಎಚ್ ಹಿಂದಿನದು, 2 ಒತ್ತಿದರೆ ಎರಡನೇ ಹಂತದ ಹೆಡಿಂಗ್ ಮಾತ್ರ. ಟಿ ಟೇಬಲ್‌ಗೆ, ಜಿ ಚಿತ್ರಕ್ಕೆ, ಎ ಕಾಮೆಂಟ್ ಮತ್ತು ತಿದ್ದುಪಡಿಗಳಿಗೆ. ಎನ್‌ವಿಡಿಎ+ಎಫ್7 ಒತ್ತಿದರೆ ಹೆಡಿಂಗ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಬರೆಯಲು ಶುರುಮಾಡುವ ಮೊದಲು ಮತ್ತೆ ಎನ್‌ವಿಡಿಎ+ಸ್ಪೇಸ್ ಒತ್ತಬೇಕು. ಟೈಪ್ ಮಾಡಿದರೆ ಅಕ್ಷರ ಬೀಳದೆ ಕರ್ಸರ್ ಎಲ್ಲೆಲ್ಲೋ ಹಾರುತ್ತಿದ್ದರೆ ಕಾರಣ ಇದೇ: ನೀವಿನ್ನೂ ಬ್ರೌಸ್ ಮೋಡ್‌ನಲ್ಲಿದ್ದೀರಿ.

ಜಾಸ್‌ನಲ್ಲಿ ಇನ್ಸರ್ಟ್+ಎಫ್6 ಹೆಡಿಂಗ್ ಪಟ್ಟಿ. ನರೇಟರ್‌ನಲ್ಲಿ ಕ್ಯಾಪ್ಸ್ ಲಾಕ್+ಸ್ಪೇಸ್ ಒತ್ತಿ ಸ್ಕ್ಯಾನ್ ಮೋಡ್, ಆಮೇಲೆ ಎಚ್. ವಾಯ್ಸ್‌ಓವರ್‌ನಲ್ಲಿ ವಿಒ+ಯು ಒತ್ತಿದರೆ ರೋಟರ್, ಅಂದರೆ ಹೆಡಿಂಗ್ ಮೊದಲಾದವುಗಳ ಪಟ್ಟಿ. ಲಿಬ್ರೆಆಫೀಸ್ ರೈಟರ್‌ನಲ್ಲಿ ಎಫ್5 ಒತ್ತಿದರೆ ನ್ಯಾವಿಗೇಟರ್ ತೆರೆಯುತ್ತದೆ. ಅಲ್ಲಿ ಹೆಡಿಂಗ್ಸ್ ಕೊಂಬೆಯನ್ನು ಬಲ ಬಾಣದಿಂದ ಬಿಚ್ಚಿ, ಬೇಕಾದದ್ದರ ಮೇಲೆ ಎಂಟರ್ ಒತ್ತಿ.

ಒಂದೂ ಹೆಡಿಂಗ್ ಸಿಗಲಿಲ್ಲವೆಂದರೆ ತಪ್ಪು ರೀಡರ್‌ನದಲ್ಲ. ಬರೆದವರು ಅಕ್ಷರ ದಪ್ಪ ಮಾಡಿ, ಗಾತ್ರ ಹೆಚ್ಚಿಸಿ ಕೈಬಿಟ್ಟಿದ್ದಾರೆ. ಆ ಸಾಲಿನ ಮೇಲೆ ನಿಂತು ಎನ್‌ವಿಡಿಎ+ಎಫ್ ಒತ್ತಿದರೆ ಶೈಲಿ, ಗಾತ್ರ ಕೇಳಿಸುತ್ತವೆ. ಶೈಲಿ 'ನಾರ್ಮಲ್' ಎಂದಿದ್ದರೆ ಅದು ಹೆಡಿಂಗ್ ಅಲ್ಲ. ವರ್ಡ್‌ನಲ್ಲಿ ಕಂಟ್ರೋಲ್+ಆಲ್ಟ್+1, ರೈಟರ್‌ನಲ್ಲಿ ಕಂಟ್ರೋಲ್+1 ಒತ್ತಿದರೆ ಮೊದಲ ಹಂತದ ಹೆಡಿಂಗ್ ಆಗುತ್ತದೆ. ಮೊದಲ ಬಾರಿ ಓದುವಾಗಲೇ ಹೀಗೆ ಸರಿಪಡಿಸಿಕೊಂಡು ಹೋದರೆ ಎರಡನೇ ಬಾರಿಗೆ ಶ್ರಮ ಉಳಿಯುತ್ತದೆ.

ದೊಡ್ಡ ವರ್ಡ್ ಕಡತದಲ್ಲಿ ಬಾಣದ ಕೀ ಒತ್ತಿದರೆ ತಡವಾಗಿ ಓದುತ್ತದೆ.

ಪ್ರತಿ ಸಾಲಿಗೂ ರೀಡರ್ ಹತ್ತಾರು ವಿಷಯ ಕೇಳುತ್ತಿರುತ್ತದೆ. ಎನ್‌ವಿಡಿಎ+ಕಂಟ್ರೋಲ್+ಡಿ ಒತ್ತಿ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ತೆರೆದು, ಬೇಡದ್ದನ್ನು ತೆಗೆಯಿರಿ: ಪುಟ ಸಂಖ್ಯೆ, ಸಾಲಿನ ಸಂಖ್ಯೆ, ಕಾಗುಣಿತ ತಪ್ಪು, ಫಾಂಟ್ ಹೆಸರು. ವರ್ಡ್‌ನಲ್ಲಿ ಆಲ್ಟ್, ಡಬ್ಲ್ಯೂ, ಇ ಒತ್ತಿ ಡ್ರಾಫ್ಟ್ ವ್ಯೂಗೆ ಬದಲಾಯಿಸಿ ನೋಡಿ. ಆದರೆ ಆ ನೋಟದಲ್ಲಿ ತೇಲುವ ಚಿತ್ರಗಳು ಕಾಣುವುದಿಲ್ಲ ಎಂಬುದು ನೆನಪಿರಲಿ. ಅಷ್ಟರಿಂದಲೂ ಆಗದಿದ್ದರೆ ಎನ್‌ವಿಡಿಎಯ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ವರ್ಡ್‌ಗೆ ಯುಐ ಆಟೊಮೇಷನ್ ಯಾವಾಗ ಬಳಸಬೇಕು ಎಂಬ ಆಯ್ಕೆ ಇದೆ. ಅದನ್ನು ಬದಲಾಯಿಸಿ, ವರ್ಡ್ ಮುಚ್ಚಿ ತೆರೆದು, ಹೋಲಿಸಿ. ಯಾವುದು ವೇಗ ಎಂಬುದು ವರ್ಡ್ ಆವೃತ್ತಿಯ ಮೇಲೆ ಹೋಗುತ್ತದೆ.

ಮೇಲ್‌ನಲ್ಲಿ ಬಂದ ಕಡತ ತೆರೆದರೆ ಸರಿಯಾಗಿ ಓದುವುದೂ ಇಲ್ಲ, ತಿದ್ದಲೂ ಆಗುವುದಿಲ್ಲ.

ಅದು ಪ್ರೊಟೆಕ್ಟೆಡ್ ವ್ಯೂ. ಹೊರಗಿನಿಂದ ಬಂದ ಕಡತವನ್ನು ಆಫೀಸ್ ಪ್ರತ್ಯೇಕವಾಗಿ ಕೂಡಿಹಾಕಿ ತೆರೆಯುತ್ತದೆ. ಅಲ್ಲಿ ಆಬ್ಜೆಕ್ಟ್ ಮಾಡೆಲ್ ರೀಡರ್ ಕೈಗೆ ಸಿಗುವುದಿಲ್ಲ. ಕಳಿಸಿದವರು ಯಾರೆಂದು ಖಾತ್ರಿಯಾದ ಮೇಲೆ ಫೈಲ್, ಇನ್ಫೋ, ಎನೇಬಲ್ ಎಡಿಟಿಂಗ್ ಒತ್ತಿ.

ಎಕ್ಸೆಲ್‌ನಲ್ಲಿ ಸೆಲ್ ಓದುತ್ತದೆ, ಆದರೆ ಅದು ಯಾವ ಕಾಲಂ ಎಂದು ಗೊತ್ತಾಗುವುದಿಲ್ಲ. "4500, ಡಿ 17" ಅಂದರೆ ನಾನೇನು ಮಾಡಲಿ?

ಮೇಲಿನ ಸಾಲನ್ನು ದಪ್ಪ ಮಾಡಿದರೂ, ಫ್ರೀಜ್ ಮಾಡಿದರೂ ಅದು ಕಣ್ಣಿಗೆ ಮಾತ್ರ. ಶೀರ್ಷಿಕೆ ಸಾಲು ಇದು ಎಂದು ಎನ್‌ವಿಡಿಎಗೆ ಬಿಡಿಸಿ ಹೇಳಬೇಕು. ಶೀರ್ಷಿಕೆಗಳಿರುವ ಸಾಲಿನ ಮೊದಲ ಸೆಲ್‌ನಲ್ಲಿ ನಿಂತು ಎನ್‌ವಿಡಿಎ+ಶಿಫ್ಟ್+ಸಿ ಒತ್ತಿ. ಹೆಸರುಗಳು ಎಡಗಡೆಯ ಕಾಲಂನಲ್ಲಿದ್ದರೆ ಅಲ್ಲಿನ ಮೊದಲ ಸೆಲ್‌ನಲ್ಲಿ ಎನ್‌ವಿಡಿಎ+ಶಿಫ್ಟ್+ಆರ್. ಈಗ ಅಡ್ಡ ಹೋದಾಗ ಕಾಲಂ ಹೆಸರು, ಕೆಳಗೆ ಇಳಿದಾಗ ಸಾಲಿನ ಹೆಸರು ಮೊದಲು ಕೇಳಿಸುತ್ತದೆ. ಅದೇ ಕೀಗಳನ್ನು ಎರಡು ಬಾರಿ ಬೇಗ ಒತ್ತಿದರೆ ರದ್ದಾಗುತ್ತದೆ. ವರ್ಡ್‌ನ ಟೇಬಲ್‌ಗಳಿಗೂ ಇವೇ ಕೀಗಳು.

ಇದರಲ್ಲೊಂದು ಒಳ್ಳೆಯ ಸಂಗತಿ ಇದೆ. ಈ ಗುರುತು ಕಡತದೊಳಗೇ ಉಳಿಯುತ್ತದೆ, ಜಾಸ್‌ಗೂ ಅರ್ಥವಾಗುವ ರೀತಿಯಲ್ಲಿ. ನೀವು ಒಮ್ಮೆ ಗುರುತು ಮಾಡಿ ಸೇವ್ ಮಾಡಿದರೆ, ಅದೇ ಹಾಳೆಯನ್ನು ತೆರೆಯುವ ಮುಂದಿನವರಿಗೆ ಶೀರ್ಷಿಕೆ ತಾನಾಗಿಯೇ ಕೇಳಿಸುತ್ತದೆ. ಕಚೇರಿಯಲ್ಲಿ ಎಲ್ಲರೂ ಬಳಸುವ ನಮೂನೆಗಳಿದ್ದರೆ ಮೂಲ ಕಡತದಲ್ಲೇ ಇದನ್ನು ಮಾಡಿಡಿ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಓರ್ಕಾ ಜೊತೆ ಶೀರ್ಷಿಕೆ ಸಾಲಿನಲ್ಲಿ ನಿಂತು ಓರ್ಕಾ ಕೀ (ಸಾಮಾನ್ಯವಾಗಿ ಇನ್ಸರ್ಟ್)+ಆರ್, ಶೀರ್ಷಿಕೆ ಕಾಲಂನಲ್ಲಿ ಓರ್ಕಾ ಕೀ+ಸಿ.

ಎಕ್ಸೆಲ್‌ನಲ್ಲಿ ಸಂಖ್ಯೆಯ ಬದಲು ಹ್ಯಾಷ್, ಹ್ಯಾಷ್, ಹ್ಯಾಷ್ ಎನ್ನುತ್ತದೆ.

ಕಾಲಂ ಕಿರಿದಾಗಿದೆ. ಪರದೆಯಲ್ಲಿ ತೋರಿಸಿದ್ದನ್ನೇ ಎಕ್ಸೆಲ್ ರೀಡರ್‌ಗೆ ಕೊಡುತ್ತದೆ. ಸಂಖ್ಯೆ ಹಿಡಿಸದಿದ್ದರೆ ಹ್ಯಾಷ್ ಚಿಹ್ನೆಗಳೇ ಸಿಗುತ್ತವೆ. ಆಲ್ಟ್, ಎಚ್, ಓ, ಐ ಒಂದಾದ ಮೇಲೊಂದು ಒತ್ತಿ; ಕಾಲಂ ಬೇಕಾದಷ್ಟು ಅಗಲವಾಗುತ್ತದೆ.

ಹಾಳೆಯಲ್ಲಿ ಡೇಟಾ ಎಲ್ಲಿ ಮುಗಿಯಿತು ಎಂದು ತಿಳಿಯುವುದು ಹೇಗೆ?

ಕಂಟ್ರೋಲ್+ಎಂಡ್ ಬಳಕೆಯಾದ ಕೊನೆಯ ಸೆಲ್‌ಗೆ ಒಯ್ಯುತ್ತದೆ. ಕಂಟ್ರೋಲ್+ಬಾಣ ಒತ್ತಿದರೆ ಡೇಟಾದ ಅಂಚಿಗೆ ಹೋಗುತ್ತದೆ, ಆದರೆ ನಡುವೆ ಖಾಲಿ ಸೆಲ್ ಬಂದರೆ ಅಲ್ಲೇ ನಿಲ್ಲುತ್ತದೆ. ಅಂದಕ್ಕೆಂದು ನಡುನಡುವೆ ಖಾಲಿ ಸಾಲು ಬಿಟ್ಟ ಹಾಳೆಯಲ್ಲಿ "ಇಲ್ಲಿಗೆ ಮುಗಿಯಿತು" ಎಂದುಕೊಂಡು ಉಳಿದದ್ದನ್ನು ಓದದೇ ಬಿಡುವುದು ಹೀಗೆಯೇ. ಹಾಳೆ ತಯಾರಿಸುವವರು ಖಾಲಿ ಸಾಲಿನ ಬದಲು ಸಾಲಿನ ಎತ್ತರ ಹೆಚ್ಚಿಸಲಿ. ಸೆಲ್‌ಗಳನ್ನು ಮರ್ಜ್ ಮಾಡುವುದೂ ಬೇಡ. ಬಾಣದ ಕೀ ಅಲ್ಲಿ ಕಾಲಂಗಳನ್ನೇ ಹಾರಿಸಿಕೊಂಡು ಹೋಗುತ್ತದೆ.

ಸ್ಪ್ರೆಡ್‌ಶೀಟ್‌ಗಳಲ್ಲೇ ರೀಡರ್‌ಗೆ ಇಷ್ಟು ತೊಂದರೆ ಯಾಕೆ?

ಗಾತ್ರ. ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು, 16,384 ಕಾಲಂ. ಲಿಬ್ರೆಆಫೀಸ್ ಕ್ಯಾಲ್ಕ್ ಕೂಡ ಈಗ ಅಷ್ಟೇ. ಗುಣಿಸಿದರೆ 1,717 ಕೋಟಿಗೂ ಹೆಚ್ಚು ಸೆಲ್‌ಗಳು. 32 ಬಿಟ್‌ನ ಸಾಮಾನ್ಯ ಪೂರ್ಣಾಂಕದಲ್ಲಿ ಹಿಡಿಸುವುದು ಹೆಚ್ಚೆಂದರೆ 214 ಕೋಟಿ ಚಿಲ್ಲರೆ. ಈ ಟೇಬಲ್‌ನಲ್ಲಿ ಎಷ್ಟನೇ ಸೆಲ್ ಎಂದು 32 ಬಿಟ್‌ನಲ್ಲಿ ಎಣಿಸುವ ಕಡೆ ಹಾಳೆಯ ಕೆಳಭಾಗಕ್ಕೆ ಹೋದರೆ ಲೆಕ್ಕವೇ ತಪ್ಪುತ್ತದೆ: ರೀಡರ್ ತಪ್ಪು ಸೆಲ್ ಓದಬಹುದು, ಓದದೆಯೂ ಇರಬಹುದು. ಲಿಬ್ರೆಆಫೀಸ್ ತನ್ನೊಳಗಿನ ಈ ಎಣಿಕೆಯನ್ನು 64 ಬಿಟ್‌ಗೆ ಬದಲಿಸಿದ್ದು ಇದಕ್ಕೇ. ಹಳೆಯ ಆವೃತ್ತಿ ಇಟ್ಟುಕೊಂಡು ಕ್ಯಾಲ್ಕ್ ಸರಿಯಿಲ್ಲ ಎನ್ನುವವರು ಮೊದಲು ಹೊಸದನ್ನು ಹಾಕಿಕೊಂಡು ನೋಡಬೇಕು.

ಲಿನಕ್ಸ್‌ನಲ್ಲಿ ಓರ್ಕಾ ಮಾತಾಡುತ್ತದೆ, ಲಿಬ್ರೆಆಫೀಸ್‌ಗೆ ಬಂದರೆ ಮೌನ.

ಮೊದಲು ಲಿಬ್ರೆಆಫೀಸ್ ಪೂರ್ತಿ ಮುಚ್ಚಿ, ಓರ್ಕಾ ಓಡುತ್ತಿರುವಾಗಲೇ ಮತ್ತೆ ತೆರೆಯಿರಿ. ಓರ್ಕಾ ಎಬ್ಬಿಸಲು ಗ್ನೋಮ್‌ನಲ್ಲಿ ಸೂಪರ್+ಆಲ್ಟ್+ಎಸ್.

ಆಗಲೂ ಮೌನವಿದ್ದರೆ ಹೆಲ್ಪ್ ಮೆನುವಿನಲ್ಲಿ ಅಬೌಟ್ ತೆರೆಯಿರಿ; ಅಗತ್ಯವಿದ್ದರೆ ಕಣ್ಣು ಕಾಣುವವರ ನೆರವು ಪಡೆಯಿರಿ. ಅಲ್ಲಿ ವಿಸಿಎಲ್ ಎಂಬುದರ ಮುಂದೆ ಏನಿದೆ ನೋಡಿ. ಜಿಟಿಕೆ3 ಎಂದಿರಬೇಕು. ಲಿಬ್ರೆಆಫೀಸ್ ತನ್ನ ಕಿಟಕಿ, ಬಟನ್‌ಗಳನ್ನು ಬಿಡಿಸಲು ಬೇರೆ ಬೇರೆ ಪ್ಲಗಿನ್ ಬಳಸುತ್ತದೆ, ಓರ್ಕಾಗೆ ಮಾಹಿತಿ ತಲುಪುವುದು ಅದರ ಮೂಲಕವೇ. 'ಜೆನ್' ಎಂದು ಕಂಡರೆ ಆ ಪ್ಲಗಿನ್‌ನಲ್ಲಿ ರೀಡರ್‌ಗೆ ಬೇಕಾದ ವ್ಯವಸ್ಥೆಯೇ ಇಲ್ಲ; ಮೌನಕ್ಕೆ ಕಾರಣ ಸಿಕ್ಕಿತು ಎಂದುಕೊಳ್ಳಿ. ನಿಮ್ಮ ಡಿಸ್ಟ್ರೋದ (ನೀವು ಬಳಸುವ ಲಿನಕ್ಸ್ ಬಗೆಯ) ಪ್ಯಾಕೇಜ್ ಪಟ್ಟಿಯಲ್ಲಿ ಲಿಬ್ರೆಆಫೀಸ್‌ನ ಜಿಟಿಕೆ3 ಪ್ಯಾಕೇಜ್ ಪ್ರತ್ಯೇಕವಾಗಿರುತ್ತದೆ; ಅದನ್ನು ಹಾಕಿ. ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೆ ತಾನಾಗಿ ಬರುವುದು ಕ್ಯೂಟಿ ಆಧಾರಿತ ಪ್ಲಗಿನ್. ಅದು ಸುಧಾರಿಸುತ್ತಿದೆ, ಆದರೂ ಓರ್ಕಾ ಜೊತೆ ಕೆಲಸಕ್ಕೆ ಜಿಟಿಕೆ3 ಹೆಚ್ಚು ಭರವಸೆಯದು.

ವಿಂಡೋಸ್‌ನಲ್ಲಿ ಲಿಬ್ರೆಆಫೀಸ್ ಓದಲು ಜಾವಾ ಹಾಕಬೇಕು ಎನ್ನುತ್ತಾರೆ. ಹೌದೇ?

ಈಗ ಬೇಡ. ಹಿಂದೆ ಜಾವಾ ಆಕ್ಸೆಸ್ ಬ್ರಿಡ್ಜ್ ಎಂಬ ಸೇತುವೆ ಹಾಕಿ, ಆಪ್ಷನ್ಸ್‌ನಲ್ಲಿ ಒಂದು ಗುರುತು ಮಾಡಬೇಕಿತ್ತು. ಐಆಕ್ಸೆಸಿಬಲ್2 ಬಂದ ಮೇಲೆ ಎನ್‌ವಿಡಿಎ ನೇರವಾಗಿ ಓದುತ್ತದೆ. ಹಳೆಯ ಸೂಚನೆ ನೋಡಿ ಜಾವಾ ಹಾಕಿಸಿಕೊಳ್ಳುವ ಶ್ರಮ ಬೇಡ.

ಮ್ಯಾಕ್‌ನಲ್ಲಿ ಕಡತ ತೆರೆದಿದೆ, ಆದರೆ ವಾಯ್ಸ್‌ಓವರ್ "ಲೇಔಟ್ ಏರಿಯಾ" ಎಂದು ಹೇಳಿ ಸುಮ್ಮನಾಗುತ್ತದೆ.

ನೀವಿನ್ನೂ ಹೊರಗೇ ಇದ್ದೀರಿ. ವಾಯ್ಸ್‌ಓವರ್‌ನಲ್ಲಿ ದೊಡ್ಡ ಭಾಗಗಳ ಒಳಗೆ ಹೋಗಲು ವಿಒ+ಶಿಫ್ಟ್+ಕೆಳಬಾಣ, ಹೊರಬರಲು ವಿಒ+ಶಿಫ್ಟ್+ಮೇಲ್ಬಾಣ. ಒಳಗೆ ಹೋದ ಮೇಲೆ ಪಠ್ಯ ಓದಲು ಬರಿಯ ಬಾಣದ ಕೀ ಸಾಕು. ವಿಂಡೋಸ್‌ನಿಂದ ಬಂದವರು ಎಡವುವುದು ಇಲ್ಲಿ. ಅಲ್ಲಿ ಈ ಒಳಗು ಹೊರಗು ಇಲ್ಲ.

ಡೈಲಾಗ್ ಪೆಟ್ಟಿಗೆಯಲ್ಲಿ ಟ್ಯಾಬ್ ಒತ್ತಿದರೆ ಬರೆಯುವ ಜಾಗಗಳು ಮಾತ್ರ ಸಿಕ್ಕು, ಬಟನ್‌ಗಳು ಸಿಗದಿದ್ದರೆ ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ 'ಕೀಬೋರ್ಡ್ ನ್ಯಾವಿಗೇಷನ್' ಆನ್ ಮಾಡಿ. ಎಫ್7ನಂಥ ಕೀಗಳಿಗೆ ಎಫ್‌ಎನ್ ಕೀ ಕೂಡ ಒತ್ತಬೇಕಾಗಬಹುದು.

ಗೂಗಲ್ ಡಾಕ್ಸ್‌ನಲ್ಲಿ ಬಾಣದ ಕೀ ಒತ್ತಿದರೆ ಏನೂ ಓದುವುದಿಲ್ಲ.

ಕಂಟ್ರೋಲ್+ಆಲ್ಟ್+ಝಡ್ ಒತ್ತಿ. ಮ್ಯಾಕ್‌ನಲ್ಲಿ ಕಮಾಂಡ್+ಆಪ್ಷನ್+ಝಡ್. "ಸ್ಕ್ರೀನ್ ರೀಡರ್ ಸಪೋರ್ಟ್ ಎನೇಬಲ್ಡ್" ಎಂದು ಕೇಳಿಸಬೇಕು. ಮೆನು ಬಾರ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಹೊಸ ಮೆನುವೂ ಬರುತ್ತದೆ.

ಕಾರಣ ಹೀಗಿದೆ. 2021ರಲ್ಲಿ ಗೂಗಲ್, ಡಾಕ್ಸ್ ಪುಟವನ್ನು ಕ್ಯಾನ್ವಾಸ್ ಮೇಲೆ ಬಿಡಿಸುವ ಕ್ರಮಕ್ಕೆ ಬದಲಾಯಿಸುವುದಾಗಿ ಪ್ರಕಟಿಸಿತು. ಕ್ಯಾನ್ವಾಸ್ ಮೇಲಿನ ಅಕ್ಷರ ಬ್ರೌಸರ್‌ಗೆ ಪಠ್ಯವಲ್ಲ, ಚಿತ್ರ. ಆದ್ದರಿಂದ ರೀಡರ್‌ಗೆ ಏನು ಓದಬೇಕೆಂದು ಡಾಕ್ಸ್ ಬೇರೆ ದಾರಿಯಲ್ಲಿ ಹೇಳಿಕೊಡಬೇಕು, ಆ ದಾರಿಯನ್ನು ನೀವು ಆನ್ ಮಾಡಬೇಕು. ಡಾಕ್ಸ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಬ್ರೈಲ್ ಸಪೋರ್ಟ್ ಕೂಡ ಇದೆ. ಬ್ರೈಲ್ ಸಾಧನ ಇಲ್ಲದಿದ್ದರೂ ಅದನ್ನು ಆನ್ ಮಾಡಿ ನೋಡಿ: ಪಠ್ಯ ಸಾಮಾನ್ಯ ಎಡಿಟ್ ಬಾಕ್ಸ್‌ನಂತೆ ರೀಡರ್ ಕೈಗೇ ಸಿಗುವುದರಿಂದ ಅಕ್ಷರ, ಪದ ಓದುವುದು ನಿಮ್ಮ ರೀಡರ್‌ನ ರೂಢಿಯಂತೆಯೇ ಆಗುತ್ತದೆ.

ಡಾಕ್ಸ್ ಬಳಸುವಾಗ ಎನ್‌ವಿಡಿಎ ಫೋಕಸ್ ಮೋಡ್‌ನಲ್ಲಿರಲಿ, ಅಂದರೆ ಬ್ರೌಸ್ ಮೋಡ್ ಬಿಟ್ಟು ಬರೆಯುವ ಮೋಡ್‌ನಲ್ಲಿ. ಮುಂದಿನ ಹೆಡಿಂಗ್‌ಗೆ ಕಂಟ್ರೋಲ್ ಮತ್ತು ಆಲ್ಟ್ ಒತ್ತಿ ಹಿಡಿದು, ಎನ್ ಒತ್ತಿ, ಆಮೇಲೆ ಎಚ್. ಶಾರ್ಟ್‌ಕಟ್‌ಗಳ ಪಟ್ಟಿಗೆ ಕಂಟ್ರೋಲ್+ಸ್ಲ್ಯಾಷ್.

ಟ್ರ್ಯಾಕ್ ಚೇಂಜಸ್ ಇರುವ ಕಡತದಲ್ಲಿ ಅಳಿಸಿದ್ದು ಯಾವುದು, ಸೇರಿಸಿದ್ದು ಯಾವುದು ಎಂದು ತಿಳಿಯುತ್ತಿಲ್ಲ.

ಎರಡು ಕಡೆ ನೋಡಬೇಕು. ಒಂದು, ವರ್ಡ್‌ನ ರಿವ್ಯೂ ಟ್ಯಾಬ್‌ನಲ್ಲಿ ನೋಟ 'ಸಿಂಪಲ್ ಮಾರ್ಕಪ್' ಎಂದಿದ್ದರೆ ತಿದ್ದುಪಡಿಗಳು ಮರೆಯಾಗಿರುತ್ತವೆ. 'ಆಲ್ ಮಾರ್ಕಪ್' ಮಾಡಿ. ಎರಡು, ಎನ್‌ವಿಡಿಎ+ಕಂಟ್ರೋಲ್+ಡಿ ಒತ್ತಿ, ಎಡಿಟರ್ ರಿವಿಷನ್ಸ್ ಮತ್ತು ಕಾಮೆಂಟ್‌ಗಳ ಆಯ್ಕೆ ಆನ್ ಇದೆಯೇ ಖಚಿತಪಡಿಸಿಕೊಳ್ಳಿ. ಆಮೇಲೆ ಬ್ರೌಸ್ ಮೋಡ್‌ನಲ್ಲಿ ಎ ಒತ್ತುತ್ತಾ ಒಂದೊಂದನ್ನೇ ನೋಡಿ. ಕಾಮೆಂಟ್ ಇರುವ ಜಾಗದಲ್ಲಿ ಎನ್‌ವಿಡಿಎ+ಆಲ್ಟ್+ಸಿ ಒತ್ತಿದರೆ ಅದನ್ನು ಓದುತ್ತದೆ. ತಿದ್ದುಪಡಿ ದಾಖಲಾಗುವುದನ್ನು ಶುರು ಮಾಡಲು, ನಿಲ್ಲಿಸಲು ವರ್ಡ್‌ನಲ್ಲಿ ಕಂಟ್ರೋಲ್+ಶಿಫ್ಟ್+ಇ, ರೈಟರ್‌ನಲ್ಲಿ ಕಂಟ್ರೋಲ್+ಶಿಫ್ಟ್+ಸಿ.

ಪವರ್‌ಪಾಯಿಂಟ್ ಸ್ಲೈಡ್‌ನಲ್ಲಿ ಕೊನೆಯದನ್ನು ಮೊದಲು ಓದುತ್ತದೆ.

ರೀಡರ್ ಓದುವುದು ವಸ್ತುಗಳನ್ನು ಒಂದರ ಮೇಲೊಂದು ಇಟ್ಟ ಕ್ರಮದಲ್ಲಿ, ಪರದೆಯ ಎಡದಿಂದ ಬಲಕ್ಕಲ್ಲ. ಆಲ್ಟ್+ಎಫ್10 ಒತ್ತಿದರೆ ಸೆಲೆಕ್ಷನ್ ಪೇನ್ ತೆರೆಯುತ್ತದೆ. ಅದರಲ್ಲಿ ಎಲ್ಲಕ್ಕಿಂತ ಕೆಳಗಿರುವುದನ್ನೇ ಮೊದಲು ಓದುವುದು. ಅಂದರೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಹೊಸ ಆವೃತ್ತಿಗಳಲ್ಲಿ ರೀಡಿಂಗ್ ಆರ್ಡರ್ ಪೇನ್ ಬೇರೆಯೇ ಇದೆ, ಅದು ಮೇಲಿನಿಂದ ಕೆಳಕ್ಕೆ. ಎರಡನ್ನೂ ಬೆರೆಸಿಕೊಂಡು ಕ್ರಮವನ್ನು ತಲೆಕೆಳಗು ಮಾಡಿಡುವವರು ಕಡಿಮೆಯೇನಿಲ್ಲ.

ಸ್ಲೈಡ್ ತಯಾರಿಸುವಾಗ ಲೇಔಟ್‌ನಲ್ಲಿರುವ ಶೀರ್ಷಿಕೆ, ಪಠ್ಯದ ಜಾಗಗಳನ್ನೇ ಬಳಸಿ. ಇನ್ಸರ್ಟ್‌ನಿಂದ ತಂದ ಟೆಕ್ಸ್ಟ್ ಬಾಕ್ಸ್‌ನ ಬರಹ ಔಟ್‌ಲೈನ್ ವ್ಯೂನಲ್ಲಿ ಬರುವುದೇ ಇಲ್ಲ.

ಸ್ವತಃ ಸ್ಲೈಡ್ ಮಾಡುವ ರೀಡರ್ ಬಳಕೆದಾರರಿಗೆ ಎನ್‌ವಿಡಿಎಯಲ್ಲಿ ಅಪರೂಪದ ಸೌಲಭ್ಯ ಇದೆ. ವಸ್ತುವಿನ ಮೇಲೆ ನಿಂತು ಎನ್‌ವಿಡಿಎ+ನಂಬರ್ ಪ್ಯಾಡ್‌ನ ಡಿಲೀಟ್ ಒತ್ತಿದರೆ, ಅದು ಸ್ಲೈಡ್ ಅಂಚಿನಿಂದ ಎಷ್ಟು ಪಾಯಿಂಟ್ ದೂರದಲ್ಲಿದೆ, ಬೇರೆ ವಸ್ತುವನ್ನು ಮುಚ್ಚಿದೆಯೇ ಎಂದು ಹೇಳುತ್ತದೆ. ಚಿತ್ರ ಅಕ್ಷರಗಳ ಮೇಲೆ ಕೂತಿದೆಯೇ ಎಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ಸ್ಲೈಡ್ ಶೋ ನಡೆಯುವಾಗ ಕಂಟ್ರೋಲ್+ಶಿಫ್ಟ್+ಎಸ್ ಒತ್ತಿದರೆ ಸ್ಪೀಕರ್ ನೋಟ್ಸ್ ಓದಬಹುದು.

ಕನ್ನಡ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಓದುತ್ತದೆ.

ಆ ಕಡತ ಯೂನಿಕೋಡ್‌ನಲ್ಲಿಲ್ಲ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಮಾನದಂಡದಲ್ಲಿಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದಾಗ ಕಡತದೊಳಗೆ ಉಳಿಯುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತದೆ. ರೀಡರ್‌ಗೆ ಆಕಾರ ಕಾಣದು, ಸಂಕೇತ ಮಾತ್ರ ಸಿಗುತ್ತದೆ. ಫಾಂಟ್ ಬದಲಿಸಿದರೆ ಸರಿಹೋಗುವುದಿಲ್ಲ. ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಪರಿಶೀಲಿಸಬೇಕು. ಕನ್ನಡ ಕಡತವನ್ನು ಇನ್ನೊಬ್ಬರಿಗೆ ಕಳಿಸುವವರು ದಯವಿಟ್ಟು ಯೂನಿಕೋಡ್‌ನಲ್ಲೇ ಬರೆಯಿರಿ. ಬೇರೆ ಯಾವ ಸುಧಾರಣೆಯೂ ಇದಿಲ್ಲದೆ ಪ್ರಯೋಜನಕ್ಕೆ ಬರುವುದಿಲ್ಲ.

ಯೂನಿಕೋಡ್ ಇದ್ದೂ ಕನ್ನಡವನ್ನು ಬಿಟ್ಟುಬಿಟ್ಟರೆ, ಈಗಿನ ಧ್ವನಿಗೆ ಕನ್ನಡ ಬರುವುದಿಲ್ಲ ಎಂದರ್ಥ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡ ಇದೆ. ಧ್ವನಿ ಯಂತ್ರದಂತಿದ್ದರೂ ಉಚ್ಚಾರ ಅರ್ಥವಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಧ್ವನಿಗಳಲ್ಲೂ, ಆಪಲ್‌ನ ಹೊಸ ಆವೃತ್ತಿಗಳಲ್ಲೂ ಕನ್ನಡ ಧ್ವನಿ ಸಿಗುತ್ತದೆ.

ಕನ್ನಡ ಇಂಗ್ಲಿಷ್ ಬೆರೆತ ಕಡತದಲ್ಲಿ ಪಠ್ಯದ ಭಾಷೆಯನ್ನೂ ಗುರುತಿಸಿ. ವರ್ಡ್‌ನಲ್ಲಿ ಭಾಗವನ್ನು ಆರಿಸಿ ರಿವ್ಯೂ, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್. ಲಿಬ್ರೆಆಫೀಸ್‌ನಲ್ಲಿ ಕನ್ನಡವನ್ನು 'ವೆಸ್ಟರ್ನ್' ಪಟ್ಟಿಯಲ್ಲಿ ಹುಡುಕಿದರೆ ಸಿಗದು. ಅದು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಕೆಳಗಿದೆ. ಫಾಂಟ್ ಮತ್ತು ಗಾತ್ರ ಕೂಡ ಅದಕ್ಕೆ ಪ್ರತ್ಯೇಕ.

ನಮ್ಮ ಕಡತಗಳನ್ನು ಎಲ್ಲರೂ ಓದುವಂತೆ ತಯಾರಿಸಲು ಕನಿಷ್ಠ ಏನು ಮಾಡಬೇಕು?

ಹೆಡಿಂಗ್‌ಗೆ ಹೆಡಿಂಗ್ ಶೈಲಿ, ಪಟ್ಟಿಗೆ ಪಟ್ಟಿಯ ಬಟನ್, ಟೇಬಲ್‌ಗೆ ನಿಜವಾದ ಟೇಬಲ್. ಟ್ಯಾಬ್, ಸ್ಪೇಸ್ ಒತ್ತಿ ಸಾಲಾಗಿ ನಿಲ್ಲಿಸಿದ್ದು ಟೇಬಲ್ ಅಲ್ಲ. ಎಂಟರ್ ಒತ್ತೊತ್ತಿ ಜಾಗ ಬಿಟ್ಟರೆ ರೀಡರ್ ಪ್ರತಿ ಸಾಲಿಗೂ "ಬ್ಲ್ಯಾಂಕ್" ಎನ್ನುತ್ತದೆ. ಹೊಸ ಪುಟಕ್ಕೆ ಕಂಟ್ರೋಲ್+ಎಂಟರ್ ಇದೆ. ಟೇಬಲ್‌ನ ಮೊದಲ ಸಾಲಿಗೆ ರಿಪೀಟ್ ಹೆಡರ್ ರೋಸ್ ಕೊಡಿ.

ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲು ರೀಡರ್ ಓದುವ ವಿವರಣೆ) ಬರೆಯುವಾಗ ಚಿತ್ರದಲ್ಲಿ ಏನಿದೆ ಎನ್ನುವುದಕ್ಕಿಂತ ಅದನ್ನು ಇಲ್ಲಿ ಯಾಕೆ ಹಾಕಿದ್ದೀರಿ ಎಂಬುದನ್ನು ಹೇಳಿ. ಮಾರಾಟದ ನಕ್ಷೆಗೆ "ಬಾರ್ ಚಾರ್ಟ್" ಎಂದರೆ ಏನೂ ಹೇಳಿದಂತಲ್ಲ. "ಮೂರನೇ ತ್ರೈಮಾಸಿಕದಲ್ಲಿ ಮಾರಾಟ ಅರ್ಧಕ್ಕೆ ಇಳಿದಿದೆ" ಎಂದರೆ ವಿಷಯ ತಲುಪಿತು. ಬರೀ ಅಲಂಕಾರವಾದರೆ 'ಡೆಕೊರೇಟಿವ್' ಎಂದು ಗುರುತು ಮಾಡಿ. ಚಿತ್ರದ ಜಾಗ 'ಇನ್ ಲೈನ್ ವಿತ್ ಟೆಕ್ಸ್ಟ್' ಆಗಿರಲಿ. ತೇಲುವ ಚಿತ್ರ, ಟೆಕ್ಸ್ಟ್ ಬಾಕ್ಸ್‌ಗಳನ್ನು ಸತತವಾಗಿ ಓದಿಸುವಾಗ ರೀಡರ್ ದಾಟಿಕೊಂಡು ಹೋಗುತ್ತದೆ. ಮುಖ್ಯ ಎಚ್ಚರಿಕೆಯನ್ನು ಟೆಕ್ಸ್ಟ್ ಬಾಕ್ಸ್‌ನಲ್ಲಿ ಹಾಕಿದರೆ ಅದು ಯಾರ ಕಿವಿಗೂ ಬೀಳದೆ ಹೋಗುವ ಸಂಭವವಿದೆ.

ವರ್ಡ್‌ನ ರಿವ್ಯೂ ಟ್ಯಾಬ್‌ನಲ್ಲಿ ಚೆಕ್ ಆಕ್ಸೆಸಿಬಿಲಿಟಿ, ಲಿಬ್ರೆಆಫೀಸ್‌ನ ಟೂಲ್ಸ್ ಮೆನುವಿನಲ್ಲಿ ಆಕ್ಸೆಸಿಬಿಲಿಟಿ ಚೆಕ್ ಇವೆ. ಆಲ್ಟ್ ಟೆಕ್ಸ್ಟ್ ಇಲ್ಲದಿರುವುದು, ಟೇಬಲ್‌ಗೆ ಶೀರ್ಷಿಕೆ ಇಲ್ಲದಿರುವುದು ಇಂಥವನ್ನು ಅವು ಹಿಡಿಯುತ್ತವೆ. ಆಲ್ಟ್ ಟೆಕ್ಸ್ಟ್ ಅರ್ಥಪೂರ್ಣವೇ ಎಂದು ಅವಕ್ಕೆ ಗೊತ್ತಾಗದು. ಕೆಂಪು ಬಣ್ಣದ ಸಾಲುಗಳೆಲ್ಲ ಬಾಕಿ ಎಂದು ನೀವು ಮನಸ್ಸಿನಲ್ಲೇ ಇಟ್ಟುಕೊಂಡದ್ದೂ ಗೊತ್ತಾಗದು. "ತೊಂದರೆ ಇಲ್ಲ" ಎಂಬ ಸಂದೇಶ ನೋಡಿ ನಿಶ್ಚಿಂತರಾಗಬೇಡಿ.

ಪಿಡಿಎಫ್ ಮಾಡಿದ ಮೇಲೆ ಹೆಡಿಂಗ್‌ಗಳೆಲ್ಲ ಮಾಯವಾಗುತ್ತವೆ.

ಪ್ರಿಂಟ್ ಮೂಲಕ ಪಿಡಿಎಫ್ ಮಾಡಿದ್ದೀರಿ. ಪ್ರಿಂಟರ್‌ಗೆ ಹೆಡಿಂಗ್, ಟೇಬಲ್ ಎಂಬುದೆಲ್ಲ ಬೇಡ, ಅಕ್ಷರ ಎಲ್ಲಿ ಬೀಳಬೇಕು ಎಂಬುದಷ್ಟೇ ಸಾಕು. ವರ್ಡ್‌ನಲ್ಲಿ ಸೇವ್ ಆ್ಯಸ್‌ಗೆ ಹೋಗಿ ಪಿಡಿಎಫ್ ಆರಿಸಿ, ಆಪ್ಷನ್ಸ್ ಒಳಗೆ 'ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆಕ್ಸೆಸಿಬಿಲಿಟಿ' ಗುರುತಾಗಿರಲಿ. ಮ್ಯಾಕ್‌ನ ವರ್ಡ್‌ನಲ್ಲಿ ಎಲೆಕ್ಟ್ರಾನಿಕ್ ಹಂಚಿಕೆ ಮತ್ತು ಆಕ್ಸೆಸಿಬಿಲಿಟಿಗೆ ಉತ್ತಮ ಎಂಬ ಆಯ್ಕೆ ಇದೆ. ಅದು ಮೈಕ್ರೋಸಾಫ್ಟ್‌ನ ಆನ್‌ಲೈನ್ ಸೇವೆ ಬಳಸುವುದರಿಂದ ಇಂಟರ್ನೆಟ್ ಬೇಕು. ಲಿಬ್ರೆಆಫೀಸ್‌ನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ತೆರೆದು, ಜನರಲ್ ಟ್ಯಾಬ್‌ನಲ್ಲಿ 'ಯೂನಿವರ್ಸಲ್ ಆಕ್ಸೆಸಿಬಿಲಿಟಿ' ಗುರುತಿಸಿ. ಇದು 7.0 ಆವೃತ್ತಿಯಿಂದ ಇದೆ. ಐಎಸ್‌ಒ 14289 ಎಂಬ ಮಾನದಂಡಕ್ಕೆ ತಕ್ಕಂತೆ ಟ್ಯಾಗ್‌ಗಳನ್ನು ಹಾಕುತ್ತದೆ, ಕೊರತೆಗಳಿದ್ದರೆ ಎಕ್ಸ್‌ಪೋರ್ಟ್ ಮಾಡುವಾಗಲೇ ತಿಳಿಸುತ್ತದೆ.

ಮೊಬೈಲ್‌ನಲ್ಲಿ ಆಫೀಸ್ ಕಡತ ತಿದ್ದಬಹುದೇ?

ಓದಬಹುದು, ಸಣ್ಣಪುಟ್ಟ ತಿದ್ದುಪಡಿ ಮಾಡಬಹುದು. ಬ್ಲೂಟೂತ್ ಕೀಬೋರ್ಡ್ ಇಲ್ಲದೆ ಅದಕ್ಕಿಂತ ಹೆಚ್ಚಿನ ಕೆಲಸ ಹಚ್ಚಿಕೊಳ್ಳಬೇಡಿ.

ನಿನ್ನೆವರೆಗೆ ಓದುತ್ತಿತ್ತು, ಅಪ್‌ಡೇಟ್ ಆದ ಮೇಲೆ ಓದುತ್ತಿಲ್ಲ. ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು?

ಹೇಳುವ ಮೊದಲು ಯಾರ ತಪ್ಪು ಎಂದು ಪತ್ತೆ ಮಾಡಿ. ಎನ್‌ವಿಡಿಎ+ಕ್ಯೂ ಒತ್ತಿದಾಗ ಬರುವ ಪಟ್ಟಿಯಲ್ಲಿ ಆ್ಯಡ್-ಆನ್‌ಗಳಿಲ್ಲದೆ ರೀಸ್ಟಾರ್ಟ್ ಮಾಡುವ ಆಯ್ಕೆ ಇದೆ. ಹಾಗೆ ಮಾಡಿದಾಗ ಸರಿಹೋದರೆ ದೋಷ ಆ್ಯಡ್-ಆನ್‌ನದು. ಸರಿಹೋಗದಿದ್ದರೆ ಅದೇ ಕಡತವನ್ನು ನರೇಟರ್‌ನಲ್ಲಿ ನೋಡಿ. ಎರಡು ರೀಡರ್‌ಗಳೂ ಮೌನವಾಗಿದ್ದರೆ ದೋಷ ಬಹುತೇಕ ಆಫೀಸ್ ತಂತ್ರಾಂಶದ್ದು. ಒಂದು ಮಾತ್ರ ಮೌನವಾಗಿದ್ದರೆ ಆ ರೀಡರ್ ತಯಾರಿಸುವವರಿಗೆ ಬರೆಯಿರಿ.

ದೂರಿನಲ್ಲಿ ಇವು ಇರಲಿ: ಸಿಸ್ಟಂ, ಆಫೀಸ್ ತಂತ್ರಾಂಶ, ರೀಡರ್ ಮೂರರ ಪೂರ್ತಿ ಆವೃತ್ತಿ ಸಂಖ್ಯೆ, ಒತ್ತಿದ ಕೀಗಳು, ಒತ್ತಿದ ಕ್ರಮದಲ್ಲೇ, ಏನು ಕೇಳಿಸಬೇಕಿತ್ತು, ಏನು ಕೇಳಿಸಿತು. ದೋಷ ಕಾಣಿಸಿಕೊಳ್ಳುವ ಒಂದು ಪುಟ್ಟ ಕಡತವನ್ನೂ ಸೇರಿಸಿ, ಅದರಲ್ಲಿ ಯಾರ ಖಾಸಗಿ ಮಾಹಿತಿಯೂ ಬೇಡ. ದೋಷ ಕಂಡ ಜಾಗದಲ್ಲೇ ನಿಂತು ಎನ್‌ವಿಡಿಎ+ಎಫ್1 ಒತ್ತಿದರೆ ಲಾಗ್ ತೆರೆಯುತ್ತದೆ. ಆ ವಸ್ತುವಿನ ಬಗ್ಗೆ ಎನ್‌ವಿಡಿಎಗೆ ಸಿಕ್ಕ ಹೆಸರು, ಪಾತ್ರ, ಸ್ಥಿತಿ ಎಲ್ಲವೂ ಅದರ ಕೊನೆಯಲ್ಲಿರುತ್ತವೆ. ಅದನ್ನು ಹಾಗೆಯೇ ನಕಲು ಮಾಡಿ ಕಳಿಸಿ. "ಎಕ್ಸೆಲ್ ಓದುತ್ತಿಲ್ಲ" ಎಂಬ ಒಂದು ಸಾಲಿನ ದೂರು ಎಷ್ಟು ಜನ ಬರೆದರೂ ಮೂಲೆಯಲ್ಲೇ ಉಳಿಯುತ್ತದೆ. ಹಂತಗಳು, ಕಡತ, ಲಾಗ್ ಮೂರೂ ಇರುವ ದೂರನ್ನು ಡೆವಲಪರ್ ತನ್ನ ಯಂತ್ರದಲ್ಲೇ ಮಾಡಿ ನೋಡಬಹುದು, ದುರಸ್ತಿ ಅಲ್ಲಿಂದಲೇ ಶುರುವಾಗುತ್ತದೆ.